ಎದುರಿಗೆ ಆಡದ ಮಾತು

"ಹೇಳಮ್ಮಾ, ಹೇಳು. ಹೊಗಿ ನೋಡಿದಾಕಿ ಸೂಪರ್‌ವೈಸರಿಗೆ ಯಾಕ ಹೇಳಲಿಲ್ಲ?"

ಮ್ಯಾನೇಜರ್ ಸುಹಾಸಿನಿ ಮತ್ತೆ ಮತ್ತೆ ಕೇಳಿದಳು. ಗೋಡೆಗೆ ಒತ್ತಿ ನಿಂತಿದ್ದ ಮಲ್ಲೇಶ್ವರಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಮೇಜಿನ ಪಕ್ಕದ ಕುರ್ಚಿಯಲ್ಲಿ ಸೂಪರ್‌ವೈಸರ್ ಮಲ್ಲಯ್ಯ ಕುಳಿತಿದ್ದ. ಆತ ಆಕೆಯ ಗಂಡನ ಅಣ್ಣ.

ಅವರ ಮನೆತನದಲ್ಲಿ ಸೊಸೆಯಾದವಳು ಭಾವನ ಎದುರು ನಿಲ್ಲುವುದೇ ಇಲ್ಲ, ಇನ್ನು ಮಾತಾಡುವುದೆಲ್ಲಿ ಬಂತು? ಭಾವನೂ ಅಷ್ಟೇ, ಆಕೆ ಎದುರಾದರೆ ಮುಖ ಆ ಕಡೆ ತಿರುಗಿಸುತ್ತಾನೆ. ಅದು ಮರ್ಯಾದೆ. ಮಲ್ಲೇಶ್ವರಿಯ ಮಗಳು ಹಾರಿಕಾ ಈಗ ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಇಬ್ಬರ ನಡುವೆ ಒಂದೇ ಒಂದು ಮಾತು ನಡೆದಿರಲಿಲ್ಲ.

ಆದೋನಿಯ ಈ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಆಕೆಗೆ ಕೆಲಸ ಕೊಡಿಸಿದವನೂ ಮಲ್ಲಯ್ಯನೇ. ಅವನ ತಮ್ಮ, ಆಕೆಯ ಗಂಡ ಆಂಜಿ ಲಾರಿ ಹತ್ತಿದನೆಂದರೆ ಯಾವಾಗ ಇಳಿಯುತ್ತಾನೋ ದೇವರಿಗೂ ಗೊತ್ತಿಲ್ಲ. ಮನೆ ನಡೆಯಬೇಕಲ್ಲ, ಹುಡುಗಿ ಓದಬೇಕಲ್ಲ. ಮನೆಯ ಪದ್ಧತಿಯೇ ಮಿಲ್ಲಿಗೂ ಬಂತು. ಮಲ್ಲಯ್ಯ ಹೇಳುವುದಿದ್ದರೆ ಪಕ್ಕದಲ್ಲಿ ಹತ್ತಿ ಆರಿಸುವ ಎರ್ರಮ್ಮನಿಗೆ ಹೇಳುತ್ತಿದ್ದ. ಎರ್ರಮ್ಮ ಅದಕ್ಕೆ ಉಪ್ಪು ಖಾರ ಹಚ್ಚಿ ಮಲ್ಲೇಶ್ವರಿಗೆ ಮುಟ್ಟಿಸುತ್ತಿದ್ದಳು. ಹೆಂಗಸರೆಲ್ಲ ನಗುತ್ತಿದ್ದರು, ಆದರೆ ಕೆಲಸವೇನೂ ನಿಂತಿರಲಿಲ್ಲ. ಕರ್ನೂಲಿನಿಂದ ಹೊಸದಾಗಿ ಬಂದ ಸುಹಾಸಿನಿಗೆ ಇವರಿಬ್ಬರೂ ಸಂಬಂಧಿಕರೆಂದು ಗೊತ್ತಿತ್ತು, ಈ ಪದ್ಧತಿ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

ಗುರುವಾರ ಎರ್ರಮ್ಮ ರಜೆ ಹಾಕಿ ಮಂತ್ರಾಲಯಕ್ಕೆ ಹೋಗಿದ್ದಳು. ಊಟದ ಹೊತ್ತು. ಎಲ್ಲರೂ ಬುತ್ತಿ ಬಿಚ್ಚಲು ಗೇಟಿನ ಬಳಿಯ ಬೇವಿನ ಮರದ ಕಡೆ ಹೋಗಿದ್ದರು. ಹಿಂದೆ ಉಳಿದಿದ್ದ ಮಲ್ಲೇಶ್ವರಿಗೆ ಹತ್ತಿಯ ರಾಶಿಯೊಳಗಿಂದ ಸಣ್ಣಗೆ ಹೊಗೆ ಏಳುವುದು ಕಂಡಿತು. ಓಡಿಬಂದು ಮಲ್ಲಯ್ಯನ ಕೋಣೆಯ ಬಾಗಿಲಲ್ಲಿ ನಿಂತಳು. ಕೆಮ್ಮಿದಳು. ಬಳೆ ಸದ್ದು ಮಾಡಿದಳು. ಮಲ್ಲಯ್ಯ ಕಂಡ; ಕಂಡು, ಎಂದಿನಂತೆ ಗೋಡೆಯ ಕಡೆ ತಿರುಗಿ ಕುಳಿತ. ಏನಿದ್ದರೂ ಎರ್ರಮ್ಮ ಬಂದು ಹೇಳುತ್ತಾಳೆ ಅಂದುಕೊಂಡ. ಅವಳಿಗೆ ರಜೆ ಕೊಟ್ಟವನು ತಾನೇ ಎಂಬುದು ಅವನಿಗೆ ನೆನಪಾಗಲಿಲ್ಲ.

ಬೆಂಕಿ ಎಂದು ಕೂಗಬಾರದಿತ್ತೇ ಎಂದು ನೀವು ಕೇಳಬಹುದು. ಕೂಗಬಹುದಿತ್ತು. ಆದರೆ ಅಷ್ಟು ವರ್ಷ ಅವನೆದುರು ಎತ್ತದ ದನಿ ಆಗಲೂ ಏಳಲಿಲ್ಲ. ಆಕೆ ಗೇಟಿನ ತನಕ ಓಡಿ ವಾಚ್‌ಮನ್ ಸುಂಕಪ್ಪನನ್ನು ಕರೆತರುವಷ್ಟರಲ್ಲಿ ಅರ್ಧ ರಾಶಿ ಸುಟ್ಟುಹೋಗಿತ್ತು.

"ಮಲ್ಲಯ್ಯ ಗಾರು, ಆಕಿ ನಿಮಗ ಏನರ ಹೇಳಿದ್ಳಾ?"

"ಇಲ್ಲ ಮೇಡಂ. ಏನೂ ಹೇಳಲಿಲ್ಲ."

ಸುಳ್ಳೇನಲ್ಲ. ಬಂದು ನಿಂತಿದ್ದಳು ಅಂದರೆ, ನೀನ್ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಅವನ ಕೊರಳಿಗೇ ಬರುತ್ತಿತ್ತು. ಹೇಳುವುದು ಬೇಡ, ಅವನು ಎದ್ದು ಹೊರಗೆ ಹೋಗಿದ್ದರೂ ಸಾಕಿತ್ತು. ಆಕೆ ಎಲ್ಲವನ್ನೂ ತಾನೇ ಹೇಳುತ್ತಿದ್ದಳು. ಇದು ಆ ಕೋಣೆಯಲ್ಲಿ ಗೊತ್ತಿದ್ದುದು ಅವರಿಬ್ಬರಿಗೆ ಮಾತ್ರ. ಮಲ್ಲೇಶ್ವರಿ ಕಾದಳು. ಮಲ್ಲಯ್ಯ ಕುರ್ಚಿ ಬಿಟ್ಟು ಏಳಲಿಲ್ಲ.

"ನೀ ಹಿಂಗ ಸುಮ್ನ ನಿಂತ್ರ ನಾ ಏನ್ ಮಾಡ್ಲಮ್ಮಾ?" ಸುಹಾಸಿನಿಯ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಕೇಳಿದ್ದಕ್ಕ ಉತ್ತರ ಇಲ್ಲ ಅಂದ್ರ ಡಿಸಿಪ್ಲಿನ್ ಎಲ್ಲಿ ಉಳೀತು? ನಾಳಿಂದ ಬರಬ್ಯಾಡ."

ಆಕೆ ಹೋದ ಮೇಲೆ ಮಲ್ಲಯ್ಯನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಹೇಳಿಬಿಡೋಣವೆಂದು ಮ್ಯಾನೇಜರ್ ಕೋಣೆಯ ಬಾಗಿಲ ತನಕ ಹೋಗಿ, ಹತ್ತಿ ಬೇಲ್‌ಗಳ ಲೆಕ್ಕ ಕೇಳಿಕೊಂಡು ವಾಪಸು ಬಂದ. ತನ್ನ ಬಗ್ಗೆ ಅವನಿಗೇ ಹೇಸಿಗೆಯೆನಿಸಿತು. ಬೇರೆ ಮಿಲ್ಲಿನಲ್ಲಿ ಹೇಳಿ ಕೆಲಸ ಕೊಡಿಸುತ್ತೇನೆ, ಚಿಂತೆ ಮಾಡಬೇಡ ಎಂದು ಹೆಂಡತಿಯ ಕೈಲಿ ಆಕೆಗೆ ಹೇಳಿಸಿದರಾಯಿತು ಅಂದುಕೊಂಡು ಸಂಜೆ ಮನೆಗೆ ಹೋದ.

ಹೆಂಡತಿ ಉಚ್ಚಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು, ಏಳಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕುಳಿತ. ರೊಟ್ಟಿ ತಂದಿಟ್ಟವಳು ಮಲ್ಲೇಶ್ವರಿ. ಸೆರಗು ಹೆಗಲ ಮೇಲಿತ್ತು. ರೊಟ್ಟಿ ಇಟ್ಟು ಹಿಂದೆ ಸರಿಯಲಿಲ್ಲ.

"ಭಾವಾ, ನಾ ಬಂದು ನಿಂತಿದ್ದೆ. ನೀವು ನೋಡಿದ್ರಿ," ಅಂದಳು. "ಮೇಡಂ ಮುಂದ ಯಾಕ ಹೇಳಲಿಲ್ರೀ?"

ಅಡುಗೆಮನೆಯಿಂದ ದಿನಾ ಕೇಳುತ್ತಿದ್ದ ದನಿಯೇ. ಆದರೂ ಮಲ್ಲಯ್ಯನ ಕೈ ತಟ್ಟೆಯಲ್ಲೇ ನಿಂತಿತು. ಏನು ಮಾಡಬೇಕೋ ತಿಳಿಯದೆ ಹೆಂಡತಿಯ ಕಡೆ ತಿರುಗಿದ.

"ಉಚ್ಚಮ್ಮಾ, ಆಕಿಗೆ..."

"ಇಲ್ಲೇ ನಿಂತಾಳಲ್ಲ," ಅಂದು ಉಚ್ಚಮ್ಮ ಎದ್ದು, ಚೆಂಬು ತೆಗೆದುಕೊಂಡು ಹೊರಗೆ ನೀರಿಗೆ ಹೋದಳು.

ಮಲ್ಲೇಶ್ವರಿ ಪಲ್ಯದ ಬೋಗುಣಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.