ಅಳತೆಗೆ ಬಂದವರು

ಯಲಿಯೂರಿನ ಚಾವಡಿಯ ಮುಂದೆ ಬೆಳಿಗ್ಗೆಯೇ ಹೆಂಗಸರ ಸಾಲು ನಿಂತಿತ್ತು. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ರಾಮಲಿಂಗಯ್ಯ ಇಕ್ಕಳದಂಥ ಉಕ್ಕಿನ ಸಾಧನದಿಂದ ಒಬ್ಬೊಬ್ಬರ ಹಣೆಯ ಅಗಲ, ಮೂಗಿನ ಉದ್ದ ಅಳೆದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ಯಾವ ಜಾತಿಯವರ ತಲೆ ಎಷ್ಟಗಲ ಎಂಬುದು ಮೈಸೂರಿನ ಅವನ ಪ್ರೊಫೆಸರರ ಪುಸ್ತಕಕ್ಕೆ ಬೇಕಾಗಿತ್ತು. ಇನ್ನೂರು ತಲೆ ಆಗಬೇಕು, ನೂರ ಅರವತ್ತಾಗಿತ್ತು. ಅದು 1941ರ ಬೇಸಿಗೆ. ಬೆನ್ನು ಸೆಟೆದುಹೋಗಿತ್ತು, ಮುಗಿಸಿ ಹೊರಟರೆ ಸಾಕಾಗಿತ್ತು ಅವನಿಗೆ.

ಮೊದಲ ವಾರ ಯಾರೂ ಹತ್ತಿರ ಸುಳಿದಿರಲಿಲ್ಲ. ಮೈ ಅಳೆದರೆ ಆಯಸ್ಸು ತಗ್ಗುತ್ತದೆಂಬ ಭಯ. ಊರ ಯಜಮಾನ ಕೆಂಪಸಿದ್ದಯ್ಯ ಧೈರ್ಯ ಮಾಡಿ ಕೂತ. ಮಾರನೆಯ ದಿನ ಅವನ ಹಳೆಯ ತಲೆಶೂಲೆ ಬಿಟ್ಟಿತ್ತು. ಅಲ್ಲಿಂದ ಊರೇ ಮುಗಿಬಿದ್ದಿತು. ‘ಡಾಕ್ಟ್ರು ಸ್ವಾಮಿ’ ಅಂದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ‘ಜನರ ನಂಬಿಕೆಯಲ್ಲಿ ಸಂಶೋಧಕ ಕೈಹಾಕಬಾರದು’ ಎಂದು ದಿನಚರಿಯಲ್ಲಿ ಬರೆದುಕೊಂಡು ನೆಮ್ಮದಿಯಾಗಿದ್ದ.

ಜಟಕಾ ಹೊಡೆಯುವ ಖಾಸಿಂ ಮಾತ್ರ ಒಂದು ಸಂಜೆ ಕೇಳಿದ್ದ.

“ಸ್ವಾಮಿ, ಇದು ಮದ್ದಲ್ಲ ಅಂತ ಯೋಳ್ಬುಡಿ.”

“ಮದ್ದು ಅಂತ ನಾನು ಯಾವಾಗ ಹೇಳಿದೆ ಖಾಸಿಂ?”

“ಯೋಳಿಲ್ಲ, ದಿಟ. ಸುಮ್ಕೆ ಕುಂತಿದ್ದೀರಿ. ಅದೂ ಒಂದು ಮಾತೇ ಅಲ್ವಾ?”

“ಹೇಳಿದರೆ ನಾಳೆಯಿಂದ ಯಾರು ಬರುತ್ತಾರೆ? ಅಳೆದರೆ ಯಾರಿಗೇನು ನಷ್ಟ?”

ಖಾಸಿಂ ಕುದುರೆಗೆ ಹುಲ್ಲು ಹಾಕಲು ಎದ್ದುಹೋಗಿದ್ದ.

ಈಗ ಸಾಲನ್ನು ಸರಿಸಿಕೊಂಡು ಬೀರಮ್ಮ ಮುಂದೆ ಬಂದಳು. ಹೆಗಲಿಗೆ ಮಗಳು ಪುಟ್ಟಮಾದಮ್ಮ ಜೋತುಬಿದ್ದಿದ್ದಳು. ಆ ಹುಡುಗಿಯನ್ನು ರಾಮಲಿಂಗಯ್ಯ ಸೋಮವಾರ ಅಳೆದಿದ್ದ. ಜ್ವರವೆಂದು ಬುಧವಾರ ಮತ್ತೆ ಬಂದಾಗ, ಬರೆದುಕೊಳ್ಳುವುದೇನೂ ಇಲ್ಲದಿದ್ದರೂ, ತಾಯಿಯ ಬಾಯಿ ಮುಚ್ಚಿಸಲು ಸುಮ್ಮನೆ ಆ ಸಾಧನವನ್ನು ಹಣೆಗೆ ಮುಟ್ಟಿಸಿ ಕಳಿಸಿದ್ದ. ಇಂದು ಶನಿವಾರ. ಅವಳ ಉಸಿರು ಗೊರಗುಟ್ಟುತ್ತಿತ್ತು, ತುಟಿ ಕಪ್ಪಿಟ್ಟಿತ್ತು.

“ಇನ್ನೊಂದು ದಪ ಇಕ್ಬುಡಿ ಸ್ವಾಮಿ. ಮಂಡ್ಯದ ಆಸ್ಪತ್ರೆಗೆ ಓಗವಾ ಅಂತ ಬುದುವಾರ ಗಾಡಿ ಕಟ್ಟಿದ್ದೊ. ನೀವು ಮುಟ್ಟುದ್ರಲ್ಲ, ಇನ್ಯಾಕೆ ಅಂತ ಬಿಚ್ಚಾಕ್ಬುಟ್ಟೊ.”

ರಾಮಲಿಂಗಯ್ಯ ಸಾಧನವನ್ನು ಕೆಳಗಿಟ್ಟ. ಹುಡುಗಿಯ ಹಣೆ ಮುಟ್ಟಿದ, ಸುಡುತ್ತಿತ್ತು.

“ಇದು ಮದ್ದಲ್ಲ ಬೀರಮ್ಮ,” ಅಂದ. ಎದ್ದು ನಿಂತ. ಸಾಲಿನವರಿಗೆಲ್ಲ ಕೇಳುವಂತೆ ಮತ್ತೆ ಹೇಳಿದ: “ನಾನು ಡಾಕ್ಟರಲ್ಲ. ಇದರಿಂದ ಯಾವ ಕಾಯಿಲೆಯೂ ವಾಸಿಯಾಗುವುದಿಲ್ಲ.”

ಬೀರಮ್ಮ ಅವನನ್ನೇ ನೋಡಿದಳು.

“ಮತ್ತೆ ಬುದುವಾರ ಯಾಕಿಕ್ಕುದ್ರಿ?”

ಅವನು ಖಾಸಿಂನನ್ನು ಕೂಗಿ ಜಟಕಾ ಕಟ್ಟಲು ಹೇಳಿದ.

ಖಾಸಿಂನ ಜಟಕಾದಲ್ಲಿ ಮೂವರೂ ಮಂಡ್ಯಕ್ಕೆ ಹೊರಟರು. ಹುಡುಗಿಯ ತಲೆಯನ್ನು ತಾಯಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಎದೆಯಲ್ಲಿ ಕಫ ಕಟ್ಟಿದೆ, ಮೂರು ದಿನ ಮೊದಲೇ ತರಬೇಕಿತ್ತು ಎಂದರು ಡಾಕ್ಟರು. ನಾಲ್ಕನೆಯ ದಿನ ಜ್ವರ ಇಳಿಯಿತು. ಜೀವ ಉಳಿಯಿತು, ಆದರೆ ಹತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು, ಅದು ಹೋಗಲು ತಿಂಗಳುಗಳೇ ಬೇಕೆಂದರು.

ಆಸ್ಪತ್ರೆಯ ಜಗಲಿಯಲ್ಲಿ ಗಂಜಿಯ ಚೊಂಬು ಹಿಡಿದು ಕೂತಿದ್ದ ಬೀರಮ್ಮನಿಗೆ ರಾಮಲಿಂಗಯ್ಯ ಎಲ್ಲವನ್ನೂ ಬಿಡಿಸಿ ಹೇಳಿದ: ತಾನು ಯಾರು, ಅಳತೆ ಯಾರಿಗೆ, ಯಾವ ಪುಸ್ತಕಕ್ಕೆ ಎಂದು.

“ಮೊದ್ಲೇ ಇಂಗಂದಿದ್ರೆ ನಾವು ಬತ್ತಿರ್ನಿಲ್ಲ,” ಅಂದಳು ಬೀರಮ್ಮ. “ಅದ್ಕೇ ಯೋಳ್ನಿಲ್ಲ, ಅಲ್ವಾ?”

“ಹೌದು,” ಅಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಗಂಜಿ ಆರುತ್ತದೆಂದು ಒಳಗೆದ್ದು ಹೋದಳು.

ಅಳತೆ ಮುಗಿಸುವುದಿಲ್ಲವೆಂದು ಪ್ರೊಫೆಸರರಿಗೆ ಕಾಗದ ಹಾಕಿ ಅವನು ಯಲಿಯೂರಿಗೆ ಮರಳಿದ. ಅಳೆಸಿಕೊಂಡವರ ಮನೆಮನೆಗೂ ನಡೆದ. ಇದು ಮದ್ದಲ್ಲ, ಕಾಯಿಲೆಯಿದ್ದರೆ ಆಸ್ಪತ್ರೆಗೆ ಹೋಗಿ, ನಿಮ್ಮ ಲೆಕ್ಕ ನನ್ನ ಹತ್ತಿರ ಇರುವುದು ಬೇಡವೆಂದರೆ ಈಗಲೇ ಹರಿದುಕೊಡುತ್ತೇನೆ ಎಂದ. ಕೆಲವರು ನಕ್ಕರು. ಒಬ್ಬ ಮುದುಕಿ ಹಾಳೆ ಇಸಿದುಕೊಂಡು ಒಲೆಗೆ ಹಾಕಿದಳು. ಒಂದು ಮನೆಯವರು ಬಾಗಿಲೇ ತೆರೆಯಲಿಲ್ಲ. ಅಲ್ಲಿ ಹೊರಗೆ ನಿಂತೇ ಹೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಹದಿಮೂರು ಮನೆಯಾಗಿತ್ತು. ಗಂಟಲು ಒಣಗಿತ್ತು, ಕಾಲು ಸೋತಿದ್ದವು. ಪಕ್ಕದ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದ ಹೆಂಗಸು ತಲೆಯೆತ್ತಿ, “ಯಾಕೆ ಡಾಕ್ಟ್ರೆ, ಇಂಗ್ ಬಂದ್ರಿ?” ಅಂದಳು.

“ನಾನು ಡಾಕ್ಟರಲ್ಲಮ್ಮ,” ಎಂದು ಅವನು ಮೊದಲಿನಿಂದ ಶುರುಮಾಡಿದ.