ಕೋಳಿ ಕರ್ಜಿಕಾಯಿಯ ಅಂಚು

ಮಾವನ ನಿವೃತ್ತಿಯ ದಿನ ಬುಧವಾರ ಬಿದ್ದಿತ್ತು. ಸೋಮವಾರ ಬಿದ್ದಿದ್ದರೆ ಕೋಳಿಯ ಮಾತೇ ಏಳುತ್ತಿರಲಿಲ್ಲ. ನಾನು ಹೊಸಪೇಟೆಯ ಬೇಕರಿಯಿಂದ ಆಲೂ ಪಫ್ ತರಿಸಿ ಸುಮ್ಮನಿರುತ್ತಿದ್ದೆ. ಆದರೆ ಅತ್ತೆ ಎಂಟು ದಿನ ಮೊದಲೇ ಹೇಳಿಬಿಟ್ಟರು.

"ಬೇಕರಿದು ಬ್ಯಾಡ. ಕರ್ಜಿಕಾಯಿ ನಾನೇ ಮಾಡ್ತೀನಿ."

ಅತ್ತೆ ಭರಮಮ್ಮನ ಕೋಳಿ ಕರ್ಜಿಕಾಯಿ ತಿನ್ನದವರು ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನಲ್ಲಿ ಕಡಿಮೆ. ನನ್ನ ಗಂಡ ಕನಕರಾಜ್ ಚಿಕ್ಕವರಿದ್ದಾಗ ಚಿಕನ್ ಪಫ್ ಬೇಕೆಂದು ಹಟ ಹಿಡಿದಿದ್ದರಂತೆ. ಮನೆಯಲ್ಲಿ ಓವನ್ ಎಲ್ಲಿಯದು? ಅತ್ತೆ ಕರ್ಜಿಕಾಯಿಯ ಕೊಬ್ಬರಿ ಸಕ್ಕರೆ ಬದಿಗಿಟ್ಟು, ಖಾರದ ಕೋಳಿ ತುಂಬಿ ಎಣ್ಣೆಗೆ ಬಿಟ್ಟರು. ಅಂದಿನಿಂದ ಯಾರ ಮನೆಯ ಕಾರ್ಯವಿದ್ದರೂ ಅದು ಬೇಕು.

ಎಂಟು ತಿಂಗಳ ಹಿಂದೆ ಲಕ್ವಾ ಹೊಡೆದು ಅತ್ತೆಯ ಬಲಗೈ ಬಿದ್ದುಹೋಯಿತು. ಆಗ ನಾನೂ ಗಂಡನೂ ಸಂಡೂರಿನ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದೆವು; ಅಲ್ಲಿಯ ಕಾಲೇಜಿನಲ್ಲಿ ಪಾಠ ಮಾಡಲು ನಾನು ಇಲ್ಲಿಂದಲೇ ಓಡಾಡತೊಡಗಿದೆ. ಈಗ ತೋಳು ಏಳುತ್ತದೆ, ಹೆಬ್ಬೆರಳು ಒತ್ತುತ್ತದೆ. ಉಳಿದ ಬೆರಳುಗಳು ಹೇಳಿದ ಮಾತು ತಡವಾಗಿ ಕೇಳುತ್ತವೆ. ಈ ಎಂಟು ತಿಂಗಳಲ್ಲಿ ನಾನು ಅವರ ಕೈಯಿಂದ ಈಳಿಗೆ ತೆಗೆದಿಟ್ಟೆ, ಬಿಸಿ ಪಾತ್ರೆ ತೆಗೆದಿಟ್ಟೆ, ಚಹಾದ ಲೋಟವನ್ನೂ ಅರ್ಧವೇ ತುಂಬಿ ಕೊಡತೊಡಗಿದೆ. ಅವರು ಒಮ್ಮೆಯೂ ಏನೂ ಅನ್ನಲಿಲ್ಲ. ಹಾಗಾಗಿ ಈ ಒಂದು ಮಾತಿಗೆ ನಾನು ಎದುರಾಡಲಾರದೆ ಹೋದೆ. ನೂರೈವತ್ತು ಜನ ತಿನ್ನುವಾಗ ಅದು ಅವರ ಕೈಯದಾಗಿರಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

ಬೆಳಿಗ್ಗೆ ಕೋಳಿ ಮನೆಯೊಳಗೆ ಬರುವ ಮೊದಲೇ ಆಲೂಗಡ್ಡೆಯದು ಮುಗಿಯಬೇಕೆಂಬುದು ಅತ್ತೆಯ ನಿಯಮ. ಅದು ಪಕ್ಕದ ಮನೆಯ ಅಕ್ಕನಾಗಮ್ಮನವರಿಗಾಗಿ, ಅವರಂತೆ ಲಿಂಗ ಕಟ್ಟಿದ ಇನ್ನು ಕೆಲವು ಮನೆಯವರಿಗಾಗಿ. ಮೂವತ್ತು ವರ್ಷದಿಂದ ಅಕ್ಕನಾಗಮ್ಮ ಮಾಂಸ ಬೇಯುವ ಈ ಒಂದೇ ಮನೆಯಲ್ಲಿ ಬಾಯಿಗೆ ಏನಾದರೂ ಹಾಕಿಕೊಳ್ಳುವುದು. ಆಲೂಗಡ್ಡೆಯದನ್ನು ಕರಿಯಲು ತಮ್ಮದೇ ಬಾಣಲೆ ಕಳಿಸಿರುತ್ತಾರೆ.

ಆಲೂಗಡ್ಡೆಯದನ್ನು ನಾನು ಮಾಡಿದೆ. ನಮ್ಮವ್ವ ಕಂಪ್ಲಿಯಲ್ಲಿ ಕಲಿಸಿದಂತೆ ಅಂಚನ್ನು ಹಗ್ಗದ ಹಾಗೆ ಹೊಸೆದು ಮಡಿಕೆ ಹಾಕಿದೆ. ಕರಿಯುವುದು ಮಧ್ಯಾಹ್ನಕ್ಕೆಂದು ಬಟ್ಟೆ ಮುಚ್ಚಿ ಬೇರೆ ತಟ್ಟೆಯಲ್ಲಿಟ್ಟೆ.

"ಚಂದ ಬಂದಾವ," ಎಂದರು ಅತ್ತೆ, ಅಷ್ಟೇ.

ಆಮೇಲೆ ಕೋಳಿ ಬಂತು. ಬೇಯಿಸಿ, ಎಲುಬು ಬಿಡಿಸಿ, ಎಳೆಎಳೆ ಮಾಡಿದೆವು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಪುಡಿ ಹಾಕಿ ನೀರು ಆರುವವರೆಗೆ ಬಾಡಿಸಿದೆವು. ಅತ್ತೆ ನೆಲದ ಮೇಲೆ ಕುಳಿತು, ಎಡಗೈಯಲ್ಲಿ ಹೂರಣ ಇಟ್ಟು, ಬಲಗೈ ಹೆಬ್ಬೆರಳಿನಿಂದ ಅಂಚು ಒತ್ತಿದರು. ಮಡಿಕೆಯಿಲ್ಲ, ಹೊಸೆತವಿಲ್ಲ. ಚಪ್ಪಟೆ ಅಂಚು, ಅದರ ಮೇಲೆ ಸಾಲಾಗಿ ಹೆಬ್ಬೆರಳಿನ ಗುಳಿ.

ಮಡಿಕೆ ಹಾಕಲು ಬೆರಳು ಬರುತ್ತಿಲ್ಲ, ಹೇಳಿಕೊಳ್ಳಲು ಮನಸ್ಸು ಬರುತ್ತಿಲ್ಲ ಎಂದುಕೊಂಡೆ. ಈ ಕರ್ಜಿಕಾಯಿ ನಾನು ತಿಂದಿದ್ದೆ, ಅಂಚನ್ನು ಗಮನಿಸಿರಲಿಲ್ಲ, ಮಾಡುವುದನ್ನಂತೂ ನೋಡಿರಲಿಲ್ಲ. ಎಣ್ಣೆಯಲ್ಲಿ ಬಿಚ್ಚಿಕೊಂಡರೆ? ಜನ ನೋಡಿ, ಪಾಪ ಭರಮಮ್ಮ, ಎಂದರೆ? ಅವರು ಮಾತ್ರೆ ತೆಗೆದುಕೊಂಡು ಸ್ವಲ್ಪ ಮಲಗಿದಾಗ, ತಟ್ಟೆಯ ಒದ್ದೆ ಬಟ್ಟೆ ಸರಿಸಿ, ಒಂದೊಂದನ್ನೇ ಎತ್ತಿ ಅಂಚಿಗೆ ಮಡಿಕೆ ಹಾಕಿದೆ. ಮೂವತ್ತಾಗುವಷ್ಟರಲ್ಲಿ ಕುಕ್ಕರ್ ಕೂಗಿತು. ಎದ್ದುಹೋದೆ.

ಮೂರು ಗಂಟೆಗೆ ಕರಿಯಲು ಎಣ್ಣೆ ಇಟ್ಟು ಬಟ್ಟೆ ತೆಗೆದರೆ, ಕೋಳಿಯ ತಟ್ಟೆಯಲ್ಲಿ ಮಡಿಕೆಯದು ಒಂದೂ ಇರಲಿಲ್ಲ.

"ಅತ್ತಿ, ಇದರಾಗಿನವು ಸ್ವಲ್ಪ ಎಲ್ಲಿ ಹೋದ್ವು?"

ಅತ್ತೆ ನನ್ನ ಮುಖ ನೋಡಲಿಲ್ಲ. "ಹೋಗ್ಲಿ ಬಿಡವ್ವ. ಗಡಿಬಿಡ್ಯಾಗ ಆಲೂಗಡ್ಡಿವು ಒಂದಿಷ್ಟು ಕೋಳಿ ತಟ್ಟಿಗೆ ಹಾಕಿದ್ದಿ. ನಾನು ಎತ್ತಿ ಅದರ ತಟ್ಟಿಗೆ ಇಟ್ಟೀನಿ. ಯಾರ್ಗೂ ಹೇಳಿಲ್ಲ."

"ಅವು ಆಲೂಗಡ್ಡಿವು ಅಂತ ಹೆಂಗ ಗೊತ್ತಾತು ನಿಮಗ?"

"ಅಂಚು ನೋಡಿ. ಮಡಿಕಿ ಇದ್ರ ಕಾಯಿಪಲ್ಲೆ, ಒತ್ತಿದ್ದು ಕೋಳಿ. ನಾನು ಕೋಳಿದು ಮಾಡಾಕ ಹತ್ತಿದಾಗಿಂದ ಹಂಗಽ. ಪಕ್ಕದ್ಮನಿ ಅಕ್ಕ ಅದನ್ನ ನೋಡೇ ತಿನ್ನೋದು."

ನಾನು ಜಾಲರಿ ಸೌಟು ಕೆಳಗಿಟ್ಟೆ. ಅವರ ಕೈಗೆ ಅವಮಾನವಾಗದಿರಲೆಂದು ನಾನು ಮುಚ್ಚಿಟ್ಟು ಮಾಡಿದ್ದು. ನನಗೆ ಅವಮಾನವಾಗದಿರಲೆಂದು ಅವರು ಮುಚ್ಚಿಟ್ಟು ಮಾಡಿದ್ದು. ನಡುವೆ ಮೂವತ್ತು ಕೋಳಿ ಕರ್ಜಿಕಾಯಿ ಅಕ್ಕನಾಗಮ್ಮನವರ ಪಾಲಿನೊಳಗೆ ಸೇರಿಹೋಗಿದ್ದವು. ಮುರಿಯದೆ ಗೊತ್ತಾಗುವಂತಿರಲಿಲ್ಲ.

ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಅತ್ತೆ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

"ನನ್ನ ಕೈ ಬರಂಗಿಲ್ಲ ಅಂದ್ಕಂಡ್ಯಾ?"

"ಹೂಂರಿ."

ನಾನು ಒಲೆ ಆರಿಸಿದೆ. ಅಕ್ಕನಾಗಮ್ಮನವರಿಗೆ ಬೇರೆ ಏನಾದರೂ ಕೊಟ್ಟು, ಕರ್ಜಿಕಾಯಿ ಸಾಲಲಿಲ್ಲ ಎಂದು ಹೇಳೋಣ ಎಂದೆ. ಮಾತನ್ನು ತೂಗಿಯೇ ಆಡಿದ್ದೆ, ಆದರೂ ಅದು ಸುಳ್ಳೇ.

"ಬ್ಯಾಡ," ಎಂದರು ಅತ್ತೆ. "ಹೋಗಿ ಕರಕಂಡು ಬಾ ಅಕ್ಕನ್ನ."

ಅಕ್ಕನಾಗಮ್ಮ ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಬಂದರು. ಪೂರ್ತಿ ಕೇಳಿದರು. ನಾನು ಅವರ ಕೊರಳಿನ ಲಿಂಗದ ಕರಡಿಗೆಯನ್ನೇ ನೋಡುತ್ತ ನಿಂತಿದ್ದೆ.

"ಅಲ್ಲಲೇ ಭರಮಿ, ನನಗ ಕೋಳಿ ತಿನ್ನಸ್ತೀನಂತ ನಿನ್ನ ಗಂಡ ಗುಡ್ಡಪ್ಪ ಮೂವತ್ತು ವರ್ಷ ಚ್ಯಾಷ್ಟಿ ಮಾಡಿದ. ಅವನ ಕೈಲಿ ಆಗ್ಲಿಲ್ಲ. ಈ ಕಾಲೇಜು ಮೇಡಂ ಒಂದ ದಿನದಾಗ ಮಾಡ್ತಿದ್ಲಲ್ಲ!"

"ತಪ್ಪಾತ್ರಿ," ಎಂದೆ.

"ಅಳಬ್ಯಾಡ. ನಾನೇನ್ ತಿಂದೀನೇನು? ಆಲೂಗಡ್ಡಿ ಅದಾವ?"

"ಎರಡು ಕಿಲೋ ಅದಾವ್ರಿ."

"ಕುಕ್ಕರ್ ಇಡು. ಜಲ್ದಿ. ಹಿಟ್ಟು ನಮ್ಮನ್ಯಾಗ ಕಲಸ್ತೀನಿ, ನಮ್ಮ ಪಡಸಾಲ್ಯಾಗ ಕುಂತು ಮಾಡೋಣ. ಕೈ ತೊಳಕಂಡು ಬರ್ರಿ ಇಬ್ರೂ." ಬಾಗಿಲಲ್ಲಿ ತಿರುಗಿ ನಿಂತರು. "ಕಲಬೆರಕಿ ತಟ್ಟಿಗಳು ಗುಡ್ಡಪ್ಪನ ಆಫೀಸಿನವ್ರಿಗೆ. ಹೆಂಗೂ ಎಲ್ಲಾ ತಿನ್ನೋ ಮಂದಿ. ಯಾರಿಗೆ ಕೋಳಿ, ಯಾರಿಗೆ ಆಲೂಗಡ್ಡಿ, ಅವರವರ ಹಣೆಬರ!"

ಅವರ ಪಡಸಾಲೆಯಲ್ಲಿ ಮೂವರೂ ಕುಳಿತು ನಲವತ್ತು ಮಾಡಿದೆವು. ಅತ್ತೆ ಹೂರಣ ಇಟ್ಟುಕೊಟ್ಟರು, ನಾವಿಬ್ಬರೂ ಮಡಿಕೆ ಹಾಕಿದೆವು. ಕೊನೆಯದನ್ನು ಅತ್ತೆ ತಾವೇ ಹಿಡಿದುಕೊಂಡರು. ಹೆಬ್ಬೆರಳು ಒತ್ತಿತು, ತೋರುಬೆರಳು ಬಹಳ ಹೊತ್ತಿನ ಮೇಲೆ ಬಂದು ಅದರ ಪಕ್ಕದಲ್ಲಿ ನಿಂತಿತು. ಒಂದು ಮಡಿಕೆ. ಮತ್ತೊಂದು. ಏಳು ಮಡಿಕೆಗೆ ಹತ್ತು ನಿಮಿಷ ಹಿಡಿಯಿತೇನೋ. ಅಂಚು ಸೊಟ್ಟಗಿತ್ತು. ಸರಿಪಡಿಸಲು ನನ್ನ ಬೆರಳುಗಳು ತವಕಿಸುತ್ತಿದ್ದವು. ಅವುಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕುಳಿತುಕೊಂಡೆ.

ಆ ನಲವತ್ತನ್ನು ಅಲ್ಲೇ ಕರಿದು ಒಂದು ಡಬ್ಬಿಗೆ ತುಂಬಿದೆವು. ಸಂಜೆ ಶಾಮಿಯಾನದ ಕೆಳಗೆ ಹಾರ, ಶಾಲು, ಭಾಷಣ ಎಲ್ಲ ಆಯಿತು. ಮಾವ ತಾವು ನೋಡಿಕೊಂಡಿದ್ದ ಕಾಲುವೆಯ ತೂಬುಗಳ ಹೆಸರು ಹೇಳುತ್ತ ಹೇಳುತ್ತ ನಡುವೆಯೇ ಕುಳಿತುಬಿಟ್ಟರು. ಕಲಬೆರಕೆ ತಟ್ಟೆಗಳ ಸುತ್ತ ಆಫೀಸಿನವರ ಗದ್ದಲವೋ ಗದ್ದಲ. "ನಂದು ಆಲೂಗಡ್ಡಿ! ಮೋಸ!" ಎಂದು ಓಬಳಪ್ಪ ಎನ್ನುವವರು ಕೂಗಿ ಮತ್ತೆರಡು ಎತ್ತಿಕೊಂಡರು.

ಅಕ್ಕನಾಗಮ್ಮ ನೇರ ಅತ್ತೆಯ ಕುರ್ಚಿಯ ಹತ್ತಿರ ಹೋಗಿ ತಟ್ಟೆ ಚಾಚಿದರು. ಯಾವುದು ಆಲೂಗಡ್ಡೆಯದೆಂದು ನನ್ನನ್ನು ಕೇಳಲಿಲ್ಲ, ಡಬ್ಬಿಯೊಳಗೂ ಇಣುಕಲಿಲ್ಲ.

"ಹಾಕು ಭರಮಿ."

ಅತ್ತೆ ಮಡಿಲಲ್ಲಿದ್ದ ಡಬ್ಬಿಗೆ ಬಲಗೈ ಹಾಕಿದರು. ಸೊಟ್ಟ ಅಂಚಿನ ಆ ಒಂದನ್ನು ಹುಡುಕಿ ತೆಗೆದರು. ಕರ್ಜಿಕಾಯಿ ಗಾಳಿಯಲ್ಲಿ ಒಂದು ಕ್ಷಣ ತೂಗಿತು. ಹಿಡಿಯಲೆಂದು ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ.

ಅದು ತಟ್ಟೆಗೇ ಬಿತ್ತು. ಅಕ್ಕನಾಗಮ್ಮ ಅಂಚನ್ನು ನೋಡದೆ ಕಚ್ಚಿದರು.

"ಉಪ್ಪು ಕಡಿಮಿ ಆಗೈತಿ," ಎಂದರು.

"ಅದು ನಿನ್ನ ಹಿಟ್ಟಿಂದು," ಎಂದರು ಅತ್ತೆ.