ಮೂವತ್ತೆರಡು, ಮೂವತ್ತೈದು

ಹೆಲಿಕಾಪ್ಟರ್ ಯಾರ ಪೈಕಿ ಎನ್ನುವುದು ನನಗೂ ಅಣ್ಣನಿಗೂ ಬಹಳ ಹಳೆಯ ಜಗಳ. ಅದು ಹಾರುತ್ತದೆ, ಆದ್ದರಿಂದ ವಿಮಾನಗಳ ನೆಂಟ ಎಂದು ನಾನು. ಎಲ್ಲೆಂದರಲ್ಲಿ ಇಳಿದು ಜನರ ನಡುವೆ ನಿಲ್ಲುತ್ತದೆ, ಆದ್ದರಿಂದ ಜೀಪು ಲಾರಿಗಳ ನೆಂಟ ಎಂದು ಅವನು. ಮಾಡೆಲ್ ಕಟ್ಟುವ ಹುಚ್ಚು ಇಲ್ಲದವರಿಗೆ ಇದು ಕೆಲಸವಿಲ್ಲದವರ ಮಾತಿನಂತೆ ಕಾಣಬಹುದು. ಕಾಣಲಿ ಬಿಡಿ. ನಮ್ಮಿಬ್ಬರ ಅರ್ಧ ಆಯಸ್ಸು ಇದರಲ್ಲೇ ಕಳೆದಿದೆ.

ವಿಷಯ ಇಷ್ಟೇ. ವಿಮಾನದ ದೊಡ್ಡ ಮಾಡೆಲ್‌ಗಳು ನಿಜವಾದದ್ದರ ಮೂವತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಬರುತ್ತವೆ. ಜೀಪು, ಲಾರಿ, ಅವುಗಳ ಪಕ್ಕ ನಿಲ್ಲುವ ಪುಟ್ಟ ಮನುಷ್ಯರು ಮೂವತ್ತೈದರಲ್ಲಿ ಒಂದು ಪಾಲು. ಹೆಲಿಕಾಪ್ಟರ್ ಮಾತ್ರ ಎರಡರಲ್ಲೂ ಸಿಗುತ್ತದೆ. ಬೇರೆ ಬೇರೆ ಕಪಾಟಿನಲ್ಲಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಆರಡಿ ಆಳನ್ನು ಎರಡು ಅಳತೆಯಲ್ಲೂ ಮಾಡಿ ಅಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಅರ್ಧ ಸೆಂಟಿಮೀಟರ್. ಆದರೆ ಆ ಅರ್ಧ ಸೆಂಟಿಮೀಟರಿಗೇ ಒಬ್ಬ ಅಪ್ಪನಂತೆ, ಇನ್ನೊಬ್ಬ ಮೀಸೆ ಬಾರದ ಮಗನಂತೆ ಕಾಣುತ್ತಾನೆ. ಹಾಗಾಗಿ ನಮ್ಮವರಲ್ಲಿ ಒಂದು ಕಟ್ಟಳೆ ಇದೆ: ಯಾವುದಾದರೂ ಒಂದನ್ನು ಹಿಡಿ, ಎರಡನ್ನೂ ಮಾತ್ರ ಬೆರೆಸಬೇಡ.

ಅಣ್ಣ ಹಲ್ಲಿನ ಸೆಟ್ಟು ಮಾಡುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಜನ ಬಾಯಿ ಹಿಡಿದುಕೊಂಡು ವಾಪಸ್ಸು ಬರುತ್ತಾರೆ. ಅವನಿಗೆ ಸಣ್ಣದರ ಮೇಲೆ ಕಣ್ಣು. ನಾನು ಅಂಗಡಿಗಳ ಬೋರ್ಡು ಬರೆಯುವವನು, ರಸ್ತೆಯಾಚೆಯಿಂದ ಕಾಣದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಅವನು ಮೂವತ್ತೈದು ಹಿಡಿದ, ನಾನು ಮೂವತ್ತೆರಡು. ಅವನ ಮನೆಯ ಹಿಂದಿನ ಕೋಣೆಯಲ್ಲಿ ಒಂದೇ ಉದ್ದನೆಯ ಮೇಜು, ಕಿಟಕಿಯ ಕಡೆ ಅವನು, ಬಾಗಿಲ ಕಡೆ ನಾನು. ಭಾನುವಾರ ಮಧ್ಯಾಹ್ನ ನಾವು ಅಲ್ಲಿ ಸೇರಿದರೆ, ಎರಡು ಮಕ್ಕಳೂ ಆಟಕ್ಕೆ ಕೂತವು ಎಂದು ಗೊಣಗುತ್ತ ಅತ್ತಿಗೆ ಟೀ ಇಟ್ಟು ಹೋಗುತ್ತಿದ್ದರು.

ಮಾಡೆಲ್ ಕಟ್ಟುವವರ ಸಂಘದಲ್ಲಿ ಅಣ್ಣನಿಗೆ ಮಿಲಿಮೀಟರ್ ಎಂದೇ ಹೆಸರು. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ತೀರ್ಪುಗಾರ ಅವನೇ. ತೀರ್ಪು ಮುಗಿಯುವವರೆಗೆ ಯಾವ ಮಾಡೆಲ್ ಮುಂದೆಯೂ ಹೆಸರು ಇಡುವಂತಿಲ್ಲ. ಅವನು ಕೈ ಹಿಂದೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಹೋಗುವಾಗ ದೊಡ್ಡ ದೊಡ್ಡ ಗಂಡಸರು ಪರೀಕ್ಷೆ ಬರೆದ ಮಕ್ಕಳ ಹಾಗೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಈ ಪೈಲಟ್ ಬೇರೆ ಮನೆಯವನು ಎಂದು ಅವನು ಮಾರು ದೂರದಿಂದಲೇ ಹೇಳಿದರೆ ಮುಗಿಯಿತು, ಅಳೆದು ನೋಡುವ ಅಗತ್ಯವಿರಲಿಲ್ಲ.

ಆ ಸಲ ನಮ್ಮ ಜಗಳಕ್ಕೊಂದು ಕೊನೆ ಕಾಣಿಸೋಣ ಎಂದು ಇಬ್ಬರೂ ಪಂಥ ಕಟ್ಟಿದೆವು. ಗಾಯಾಳುಗಳನ್ನು ಸಾಗಿಸುವ ಒಂದೇ ಬಗೆಯ ಹೆಲಿಕಾಪ್ಟರ್. ಅವನು ಮೂವತ್ತೈದರಲ್ಲಿ ಕಟ್ಟುವುದು, ನಾನು ಮೂವತ್ತೆರಡರಲ್ಲಿ. ಪ್ರದರ್ಶನದಲ್ಲಿ ಪಕ್ಕಪಕ್ಕ ಇಟ್ಟು, ಯಾವುದು ಜೀವಂತವಾಗಿ ಕಾಣುತ್ತದೆಂದು ಜನರನ್ನೇ ಕೇಳುವುದು. ಬಿಡಿಭಾಗಗಳ ಎರಡು ಡಬ್ಬಗಳೂ ಮೇಜಿನ ಮೇಲೆ ಬಂದು ಕೂತವು.

ಒಂದು ಭಾನುವಾರ ಹೋಗಿ ನೋಡಿದರೆ ಅಣ್ಣ ಆಗಲೇ ರೆಕ್ಕೆ ಕೂರಿಸಿದ್ದ. ಒಂದೊಂದು ರೆಕ್ಕೆಯೂ ಇರಬೇಕಾದ್ದಕ್ಕಿಂತ ಬೆರಳಗಲ ಹೆಚ್ಚು ಉದ್ದ. ಅವು ನನ್ನ ಡಬ್ಬದವು. ನನಗೆ ನಗು ತಡೆಯಲಾಗಲಿಲ್ಲ. ಅಂತೂ ಅರ್ಧದಾರಿ ಬಂದೆಯಲ್ಲ, ಇನ್ನರ್ಧ ಮುಂದಿನ ವರ್ಷ ಬಾ ಎಂದು ಕಾಲೆಳೆದೆ. ಅವನು ನಗಲಿಲ್ಲ. ಕ್ಯಾಲಿಪರ್ ತೆಗೆದುಕೊಂಡು ಅಳೆದ, ಅಳತೆಯನ್ನು ಗಟ್ಟಿಯಾಗಿ ಓದಿದ, ಸರಿಯಾಗೇ ಇದೆ ಎಂದ. ಅವನು ಓದಿದ್ದು ನನ್ನ ಮೂವತ್ತೆರಡರ ಅಳತೆ. ನನ್ನ ಮುಖ ನೋಡಿ ಪೆನ್ಸಿಲ್ ಎತ್ತಿಕೊಂಡು ಭಾಗಾಕಾರಕ್ಕೆ ಕೂತ. ಮೂವತ್ತೈದರ ಮಗ್ಗಿಯನ್ನು ನಿದ್ದೆಗಣ್ಣಲ್ಲೂ ಹೇಳುವವನು ನಡುವಿನಲ್ಲಿ ನಿಂತುಬಿಟ್ಟ. ಪೆನ್ಸಿಲ್ ತುದಿ ಕಾಗದದ ಮೇಲೆ ಒಂದೇ ಕಡೆ ಊರಿಕೊಂಡಿತ್ತು.

"ನೀನೇನಾದ್ರೂ ಬದಲಾಯಿಸಿಟ್ಯಾ?" ಎಂದು ಕೇಳಿದ.

ಅವನಿಗೆ ಸಿಟ್ಟು ಬಂದಿರಲಿಲ್ಲ, ಭಯವಾಗಿತ್ತು. ಹೌದು ಅಂದುಬಿಡು ಎಂದು ಬೇಡಿಕೊಳ್ಳುವ ಹಾಗಿತ್ತು ಅವನ ದನಿ. ಅಣ್ಣ ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಹೂಂ. ತಮಾಷೆಗೆ ಮಾಡ್ದೆ," ಅಂದೆ.

ಅವನ ಮುಖಕ್ಕೆ ಜೀವ ಬಂತು. ಆಮೇಲೆ ಬಾಯಿ ತುಂಬ ಬೈದ. ವಯಸ್ಸಾದರೂ ಬುದ್ಧಿ ಬರಲಿಲ್ಲ ನಿನಗೆ ಎಂದು ಶುರುವಾದದ್ದು ನಾನು ಚಿಕ್ಕಂದಿನಲ್ಲಿ ಮುರಿದ ಗಾಳಿಪಟದವರೆಗೂ ಹೋಯಿತು. ಅಷ್ಟು ಖುಷಿಯಿಂದ ನಾನು ಬೈಸಿಕೊಂಡದ್ದು ಅದೇ ಮೊದಲು.

ಆದರೆ ಮುಂದಿನ ಸಲ ಅವನ ಹೆಲಿಕಾಪ್ಟರಿನೊಳಗೆ ನನ್ನ ಡಬ್ಬದ ಸೀಟು ಕೂತಿತ್ತು. ಅದಾದ ಮೇಲೆ ಬಾಗಿಲು. ಪ್ರತಿ ಸಲವೂ ಅವನು ನನ್ನ ಕಡೆ ನೋಡುತ್ತಿದ್ದ, ನಾನು ತಪ್ಪು ಒಪ್ಪಿಕೊಳ್ಳುತ್ತಿದ್ದೆ. ಒಂದು ಸಲ ಮಾಡಿದರೆ ತಮಾಷೆ; ಮತ್ತೆ ಮತ್ತೆ ಮಾಡಿದರೆ ಹಗೆ ಎಂದೇ ಅರ್ಥವಲ್ಲವೇ? ಅವನಿಗೂ ಹಾಗೇ ಅನ್ನಿಸಿತು. ತಮ್ಮ ತನ್ನ ಹೆಸರು ಕೆಡಿಸಲು ನೋಡುತ್ತಿದ್ದಾನೆ, ಸೋಲುವ ಭಯಕ್ಕೆ ಕದ್ದುಮುಚ್ಚಿ ಕೈಯಾಡಿಸುತ್ತಿದ್ದಾನೆ ಎಂದು ಅತ್ತಿಗೆಯ ಹತ್ತಿರ ಹೇಳಿದ. ಒಂದು ದಿನ ನಾನು ಹೋದಾಗ ಹಿಂದಿನ ಕೋಣೆಗೆ ಬೀಗ ಬಿದ್ದಿತ್ತು. ನನ್ನ ಡಬ್ಬಗಳೆಲ್ಲ ಒಳಗೇ ಉಳಿದವು. ಅವನು ಪಡಸಾಲೆಯಲ್ಲಿ ಪೇಪರ್ ಓದುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಬ್ರಷ್ ಕದ್ದೆ ಎಂದು ಬಣ್ಣದಂಗಡಿಯವನೊಬ್ಬ ಅನುಮಾನಪಟ್ಟದ್ದಕ್ಕೆ ಆ ಬೀದಿಗೇ ಕಾಲಿಡದೆ ಸುತ್ತು ಬಳಸಿ ಓಡಾಡುವವನು ನಾನು. ಮಾಡದ ತಪ್ಪಿಗೆ ಸ್ವಂತ ಅಣ್ಣನ ಮನೆಯಲ್ಲಿ ಕಳ್ಳನಾಗಿ ನಿಲ್ಲಬೇಕಾಯಿತಲ್ಲ! ಹೊರಗೆ ಬಂದು ಅವನ ಗೇಟನ್ನು ಜಾಡಿಸಿ ಒದ್ದೆ. ಕಾಲು ಊದಿಕೊಂಡಿತು, ಗೇಟಿಗೇನೂ ಆಗಲಿಲ್ಲ.

ಅತ್ತಿಗೆ ಅಷ್ಟರಲ್ಲಿ ಅವನನ್ನು ಬಿ.ಪಿ. ನೋಡಿಸುವ ನೆಪದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದಷ್ಟೇ ಎಂದು ಡಾಕ್ಟರು ಅವರೊಬ್ಬರನ್ನೇ ಒಳಗೆ ಕರೆದು ಹೇಳಿದರಂತೆ. ಅವರು ನಮ್ಮ ಮನೆಗೆ ಬಂದು ಅದನ್ನು ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಅಳಲಿಲ್ಲ. ನಾನೇ ಅತ್ತೆ.

"ನೀನಲ್ಲ ಅಂತ ಅವರಿಗೆ ಹೇಳ್ಬಿಡ್ತೀನಿ ಕಣಪ್ಪ," ಎಂದರು. "ಎಷ್ಟು ದಿನ ಅಂತ ಈ ಅಪವಾದ ಹೊತ್ಕೊಂಡಿರ್ತೀಯ?"

"ಬೇಡ ಅತ್ತಿಗೆ. ತಮ್ಮ ಕೆಟ್ಟೋನು ಅಂದ್ರೆ ಅವನು ತಡ್ಕೋತಾನೆ. ಇದನ್ನ ತಡ್ಕೊಳ್ಳಲ್ಲ."

ಹೇಳುವುದು ಸುಲಭ. ಆಮೇಲಿನ ಭಾನುವಾರಗಳು ನನ್ನ ಪಾಲಿಗೆ ದಂಡವಾದವು. ಹೋಗಲು ಜಾಗವಿಲ್ಲ, ಜಗಳವಾಡಲು ಜನವಿಲ್ಲ. ಹೆಂಡತಿಯ ಹತ್ತಿರ ಹೆಲಿಕಾಪ್ಟರ್ ವಿಷಯ ಎತ್ತಿದರೆ ಅವಳು ಯಾವುದಾದರೂ ಒಂದು ಇಟ್ಕೊಳ್ಳಿ ಎಂದು ಒಪ್ಪಿಬಿಡುತ್ತಿದ್ದಳು. ಹಾಗೆ ಒಪ್ಪಿದರೆ ಏನು ಚೆನ್ನ? ಅಣ್ಣ ನನ್ನನ್ನು ಮರೆಯುವ ದಿನ ಬರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೆ ಮೊದಲು ಒಂದೇ ಒಂದು ಸಲ ಅವನು ನನ್ನ ಜೊತೆ ಮೊದಲಿನಂತೆ ಮಾತನಾಡಲಿ ಎಂಬ ಆಸೆ ಒಳಗೇ ಕೊರೆಯುತ್ತಿತ್ತು. ದ್ವೇಷವನ್ನೇ ಕೊನೆಯ ನೆನಪಾಗಿ ಇಟ್ಟುಕೊಂಡು ಅವನು ಎಲ್ಲವನ್ನೂ ಮರೆತುಬಿಟ್ಟರೆ ನಾನು ಯಾರ ಹತ್ತಿರ ಹೋಗಿ ನ್ಯಾಯ ಕೇಳಲಿ?

ಪ್ರದರ್ಶನ ಹತ್ತಿರ ಬಂತು. ಸಂಘದ ಕಾರ್ಯದರ್ಶಿ ಒಬ್ಬ ಬಡಗಿ, ದೊಡ್ಡ ಮನಸ್ಸಿನವನು. ಅವನಿಗೆ ಎಲ್ಲ ಹೇಳಿ, ಈ ವರ್ಷವೂ ಅಣ್ಣನೇ ತೀರ್ಪುಗಾರನಾಗಿರಲಿ ಎಂದು ಕೇಳಿಕೊಂಡೆ. ಅವನು ಎರಡು ಮಾತಾಡದೆ ಒಪ್ಪಿದ.

ಅಂದು ಬೆಳಿಗ್ಗೆ ಬಾಡಿಗೆ ಹಾಲಿಗೆ ಅಣ್ಣ ತನ್ನ ಹೆಲಿಕಾಪ್ಟರನ್ನು ತಾನೇ ಎತ್ತಿಕೊಂಡು ಬಂದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು, ಮೇಲಿನ ಬಟ್ಟೆ ತೆಗೆದು, ಟೀ ಕುಡಿಯಲು ಹೋದ. ನಾನು ಬರಿಗೈಯಲ್ಲಿ ಹೋಗಿದ್ದೆ. ನನ್ನದೆಲ್ಲ ಅವನ ಬೀಗದೊಳಗಿತ್ತಲ್ಲ. ಹತ್ತಿರ ಹೋಗಿ ನೋಡಿದೆ. ಬಿಳಿ, ಕೆಂಪು ಬಣ್ಣ ಎಷ್ಟು ನಯವಾಗಿ ಕೂತಿತ್ತೆಂದರೆ ಬೋರ್ಡು ಬರೆಯುವ ನನಗೂ ಬ್ರಷ್ಷಿನ ಗುರುತು ಸಿಗಲಿಲ್ಲ. ಆದರೆ ಒಂದು ರೆಕ್ಕೆ ಉದ್ದ, ಒಂದು ಗಿಡ್ಡ. ಗಾಯಾಳುವನ್ನು ಮಲಗಿಸಿದ ಸ್ಟ್ರೆಚರನ್ನು ಇಬ್ಬರು ಹೊತ್ತಿದ್ದರು, ಮುಂದಿನವನು ಮೂವತ್ತೈದರವನು, ಹಿಂದಿನವನು ಮೂವತ್ತೆರಡರವನು. ಸ್ಟ್ರೆಚರ್ ಮುಂದಕ್ಕೆ ವಾಲಿ, ಪಾಪ, ಮಲಗಿದವನು ಈಗಲೋ ಆಗಲೋ ಜಾರಿ ಬೀಳುವಂತಿದ್ದ.

ಸಂಘದವರು ಒಬ್ಬೊಬ್ಬರಾಗಿ ಬಂದು ನೋಡಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಸಣ್ಣ ತಪ್ಪಿಗೂ ಅಣ್ಣನಿಂದ ಬೈಸಿಕೊಂಡವರೇ ಎಲ್ಲ. ಆ ದಿನ ಯಾರಿಗೂ ಸೇಡು ಬೇಕಿರಲಿಲ್ಲ.

ಅಣ್ಣ ಬಂದು ಕೈ ಹಿಂದೆ ಕಟ್ಟಿಕೊಂಡು ಸುತ್ತು ಶುರುಮಾಡಿದ. ನೋಡುವ ಕಣ್ಣು ಮಾತ್ರ ಮೊದಲಿನದೇ. ಎರಡು ಕಡೆ ತಪ್ಪು ಹಿಡಿದ, ಎರಡೂ ನಿಜ. ಕೊನೆಗೆ ಕಿಟಕಿ ಪಕ್ಕದ ಮೇಜಿನ ಹತ್ತಿರ ಬಂದವನು ದೂರದಲ್ಲೇ ನಿಂತ. ಅವನು ಬಗ್ಗಿದ, ರೆಕ್ಕೆ ನೋಡಿದ, ಸ್ಟ್ರೆಚರ್ ನೋಡಿದ.

"ಮೂವತ್ತೆರಡು, ಮೂವತ್ತೈದು ಎರಡೂ ಬೆರೆತುಹೋಗಿದೆ," ಎಂದ. ದನಿಯಲ್ಲಿ ಗದರಿಕೆ ಇರಲಿಲ್ಲ. "ಬಣ್ಣ ಚೆನ್ನಾಗಿದೆ. ಗೊತ್ತಿರೋನೇ ಮಾಡಿರೋದು. ಪಾಪ, ಅವನಿಗೆ ಏನೋ ಆಗಿದೆ. ಯಾರದ್ದಿದು?"

ಅತ್ತಿಗೆ ಬಾಗಿಲ ಬಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ, ಅವನ ಕಣ್ಣಲ್ಲಿ ಏನೋ ಅಲುಗಾಡಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನಿಗೇ ಹೊಳೆದುಬಿಡುತ್ತಿತ್ತು.

"ನಂದು ಅಣ್ಣ," ಅಂದೆ.

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವನು ನನ್ನ ಹತ್ತಿರ ಬಂದ. ತಿಂಗಳುಗಳ ಮೇಲೆ ನನ್ನನ್ನು ನೆಟ್ಟಗೆ ನೋಡಿದ. ಆ ನೋಟದಲ್ಲಿ ಹಗೆಯಿರಲಿಲ್ಲ, ಬೀಗದ ನೆನಪೂ ಇರಲಿಲ್ಲ. ನನ್ನ ಬಲಗೈ ಎತ್ತಿ, ಮೇಲೆ ಕೆಳಗೆ ತಿರುಗಿಸಿ, ಬೆರಳುಗಳನ್ನು ಒತ್ತಿ ನೋಡಿದ.

"ನಿನ್ನ ಕೈ ಹೀಗಲ್ವಲ್ಲೋ," ಎಂದ. "ನಿನ್ನಂಥ ಕೈ ಈ ಸಂಘದಲ್ಲಿ ಯಾರಿಗಿದೆ? ಯಾವಾಗಿಂದ ಹೀಗಾಗ್ತಿದೆ? ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

ಇಷ್ಟು ವರ್ಷದಲ್ಲಿ ಅವನು ನನ್ನ ಕೈಯನ್ನು ಹೊಗಳಿರಲಿಲ್ಲ.

"ಹೆದರ್ಕೋಬೇಡ. ಮರೆವು ಯಾರಿಗೆ ಬರಲ್ಲ? ನಾನಿದೀನಿ," ಎಂದು ನನ್ನ ಬೆನ್ನು ಸವರಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಇವನಿಗೆ ಹುಷಾರಿಲ್ಲ, ಒಬ್ಬನನ್ನೇ ಕಳಿಸುವುದು ಬೇಡ ಎಂದ.

ಮನೆ ಸೇರುವವರೆಗೂ ಅವನು ನನ್ನ ಕೈ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ನಿಂತು, ಯಾವ ಕಡೆ ಹೋಗಬೇಕೆಂದು ಅತ್ತಿಗೆಯ ಮುಖ ನೋಡಿ ತಿಳಿದುಕೊಂಡು, ನಾನು ದಾರಿ ತಪ್ಪದಂತೆ ಕರೆದುಕೊಂಡು ಹೋದ.